ಅಂಗಡಿ ಮುಚ್ಚುವ ಹೊತ್ತಿನ ಹಾಡು

ಆಫೀಸ್ ಕೆಲಸದ ಮೇಲೆ ಮೂರು ವಾರ ಟೋಕಿಯೋಗೆ ಹೋಗಿದ್ದಾಗಿನ ಮಾತು. ಒಂದು ಸಂಜೆ ಅಮ್ಮನಿಗೆ ಶಾಲು ತಗೊಳ್ಳೋಣ ಅಂತ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಕರ್ಕೊಂಡು ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆ. ಎಂಟಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಸ್ಪೀಕರುಗಳಲ್ಲಿ ಒಂದು ಟ್ಯೂನ್ ಶುರುವಾಯ್ತು. ಗಿರಾಕಿಗಳೆಲ್ಲ ಯಾರೋ ಹೇಳಿದ ಹಾಗೆ ಕ್ಯಾಶ್ ಕೌಂಟರಿನ ಕಡೆ ನಡೆದರು. ನಾನು ಮಾತ್ರ ನಿಂತೇ ಇದ್ದೆ. ಯಾಕಂದ್ರೆ ಆ ಟ್ಯೂನು ನನಗೆ ಗೊತ್ತಿತ್ತು. 'ಆಲ್ಡ್ ಲ್ಯಾಂಗ್ ಸೈನ್'! ಇಂಗ್ಲಿಷ್ ಸಿನಿಮಾಗಳಲ್ಲಿ ಡಿಸೆಂಬರ್ 31ರ ರಾತ್ರಿ ಹನ್ನೆರಡು ಹೊಡೆದಾಗ ಎಲ್ಲರೂ ಕೈಕೈ ಹಿಡಿದು ಹಾಡ್ತಾರಲ್ಲ, ಅದು. ಆದರೆ ಆಗ ಜೂನ್ ತಿಂಗಳು.

"ಜೂನ್‌ನಲ್ಲಿ ಯಾಕೆ ಸ್ಕಾಟ್ಲೆಂಡಿನ ಹಾಡು ಹಾಕಿದ್ದಾರೆ?" ಅಂದೆ.

ಅವಳು ನನ್ನನ್ನು ಒಂಥರಾ ನೋಡಿದಳು. "ಸ್ಕಾಟ್ಲೆಂಡಾ? ಇದು ನಮ್ಮ ಹಾಡು. ಸ್ಕೂಲ್ ಮುಗಿಸುವ ದಿನ ನಾನು ಹಾಡಿದ್ದೀನಿ, ನಮ್ಮಜ್ಜಿಯೂ ಹಾಡಿದ್ದಾರೆ."

ರೂಮಿಗೆ ಬಂದು ಹುಡುಕಲು ಕೂತವನಿಗೆ ರಾತ್ರಿ ಎರಡಾಗಿದ್ದೇ ಗೊತ್ತಾಗಲಿಲ್ಲ. ಅವಳು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ನಡುವೆ ಒಂದೂವರೆ ಶತಮಾನದ ಕತೆ ಇದೆ. ಆಮೇಲೆ ಎರಡು ವರ್ಷದಿಂದ ಮೆಟ್ರೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಈ ಕತೆಯ ಬೆನ್ನು ಹತ್ತಿದ್ದೀನಿ. ನಿಮಗೂ ಸ್ವಲ್ಪ ಹಂಚಿಬಿಡ್ತೀನಿ.

ನಾಲ್ಕು ಮತ್ತು ಏಳು ಬಿಟ್ಟ ಸ್ವರಗಳು

1868ರಲ್ಲಿ ಜಪಾನಿನಲ್ಲಿ ಮೇಜಿ ಆಳ್ವಿಕೆ ಶುರುವಾದಾಗ ಹೊಸ ಸರ್ಕಾರಕ್ಕೆ ಒಂದೇ ಧಾವಂತ: ಪಶ್ಚಿಮದವರ ಹತ್ತಿರ ಇರುವುದೆಲ್ಲ ನಮಗೂ ಬೇಕು. ರೈಲು, ಹಡಗು, ಕಾನೂನು, ಅಂಚೆ, ಹಾಗೇ ಸಂಗೀತ. ಇಸಾವಾ ಶೂಜಿ ಅನ್ನುವ ತರುಣ ಶಿಕ್ಷಕನನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಕಳಿಸಿದರು. ಓದಿನಲ್ಲಿ ಚುರುಕಾಗಿದ್ದ ಇಸಾವಾನಿಗೆ ಹಾಡುವುದೊಂದು ಮಾತ್ರ ಕೈಕೊಟ್ಟಿತು. ಪಾಶ್ಚಾತ್ಯ ಸ್ವರಶ್ರೇಣಿ ನಾಲಿಗೆಗೆ ಬರಲೇ ಇಲ್ಲ. ಬಿಡಲಿಲ್ಲ ಆಸಾಮಿ. ಬಾಸ್ಟನ್ನಿನ ಶಾಲೆಗಳಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಲೂಥರ್ ವೈಟಿಂಗ್ ಮೇಸನ್‌ನ ಹತ್ತಿರ ಹೋಗಿ ಕಲಿತ. ಊರಿಗೆ ವಾಪಸ್ ಬಂದಮೇಲೆ 1880ರಲ್ಲಿ ಅದೇ ಮೇಷ್ಟ್ರನ್ನು ಟೋಕಿಯೋಗೆ ಕರೆಸಿಕೊಂಡ.

ಇಬ್ಬರೂ ಸೇರಿ ಮಾಡಿದ ಶಾಲಾ ಹಾಡುಗಳ ಪುಸ್ತಕದ ಮೊದಲ ಭಾಗ 1881ರ ಹೆಸರಲ್ಲಿ ಬಂತು. ಅದರಲ್ಲಿತ್ತು ನಮ್ಮ ಸ್ಕಾಟ್ಲೆಂಡಿನ ಟ್ಯೂನು, ಜಪಾನಿ ಮಾತುಗಳೊಂದಿಗೆ. ದೀಪದೆಣ್ಣೆಗೆ ಗತಿಯಿಲ್ಲದ ಬಡ ಹುಡುಗ ಮಿಂಚುಹುಳುಗಳ ಬೆಳಕಲ್ಲಿ ಓದಿದ ಹಳೇ ಚೀನೀ ಕತೆಯನ್ನು ನೆನೆಯುವ ಆ ಹಾಡಿನ ಹೆಸರು 'ಹೊತಾರು ನೊ ಹಿಕಾರಿ'. ಅಂದ್ರೆ ಮಿಂಚುಹುಳುವಿನ ಬೆಳಕು.

ಸ್ಕಾಟ್ಲೆಂಡಿನದ್ದೇ ಯಾಕೆ? ಇದಕ್ಕೊಂದು ಚೆಂದದ ಕಾರಣ ಇದೆ. ಪಾಶ್ಚಾತ್ಯ ಶ್ರೇಣಿಯಲ್ಲಿ ಏಳು ಸ್ವರ. ಜಪಾನಿನ ಹಾಡುಗಳಲ್ಲಿ ಸಾಮಾನ್ಯವಾಗಿ ಐದು. ನಾಲ್ಕನೆಯದೂ ಏಳನೆಯದೂ, ಅಂದ್ರೆ ನಮ್ಮ ಮ ಮತ್ತು ನಿ, ಆ ಕಾಲದ ಜಪಾನಿ ಗಂಟಲುಗಳಿಗೆ ತೊಡಕು. 'ಆಲ್ಡ್ ಲ್ಯಾಂಗ್ ಸೈನ್'ನಲ್ಲಿ ಆ ಎರಡೂ ಇಲ್ಲ. ಸ ರಿ ಗ ಪ ದ ಮಾತ್ರ. ಸಂಗೀತ ಕ್ಲಾಸಿಗೆ ಹೋದವರಿಗೆ ಗೊತ್ತಿರುತ್ತೆ, ಇವು ಮೋಹನ ರಾಗದ ಸ್ವರಗಳು. ಈಗಲೇ ಒಮ್ಮೆ ಗುನುಗಿ ನೋಡಿ. ಹೀಗೆ ನಾಲ್ಕು-ಏಳು ಬಿಟ್ಟ ಶ್ರೇಣಿಗೆ ಜಪಾನಿಯಲ್ಲಿ 'ಯೊನಾನುಕಿ' ಅಂತ ಹೆಸರೇ ಬಿತ್ತು. ಅತ್ತ ಪಾಶ್ಚಾತ್ಯವೂ ಹೌದು, ಇತ್ತ ಬಾಯಿಗೂ ಬರುತ್ತೆ. ಮುಂದೆ ಎಷ್ಟೋ ದಶಕ ಜಪಾನಿನ ಶಾಲಾ ಹಾಡು, ಸಿನಿಮಾ ಹಾಡು, ಪ್ರೇಮಗೀತೆ ಎಲ್ಲ ಈ ರಾಜಿಯ ಮೇಲೇ ಕಟ್ಟಿಕೊಂಡವು.

ಇನ್ನೊಂದು ತಮಾಷೆ ಕೇಳಿ. ಅಂಗಡಿಗಳಲ್ಲಿ ಹಾಕುವುದು ಹೆಚ್ಚಾಗಿ ಆ ಶಾಲೆಯ ಹಾಡಲ್ಲ, ಅದರದ್ದೇ ಮೂರು ಮಾತ್ರೆಯ ವಾಲ್ಟ್ಜ್ ರೂಪ. 'ವಾಟರ್‌ಲೂ ಬ್ರಿಜ್' ಅನ್ನೋ ಹಾಲಿವುಡ್ ಸಿನಿಮಾದಲ್ಲಿ ಈ ಟ್ಯೂನು ವಾಲ್ಟ್ಜ್ ಆಗಿ ಬರುತ್ತೆ. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಆ ಸಿನಿಮಾ ಓಡಿದಾಗ ಜನ ಮರುಳಾದರು. ರೆಕಾರ್ಡ್ ಕಂಪನಿ ಕೂಡಲೇ ಒಂದು ಪ್ಲೇಟು ತಂತು: 'ಯೂಜೀನ್ ಕಾಸ್ಮನ್ ಆರ್ಕೆಸ್ಟ್ರಾ'. ಯಾರೀ ಯೂಜೀನ್ ಕಾಸ್ಮನ್? ಯೂಜಿ ಕೊಸೆಕಿ! 1964ರ ಟೋಕಿಯೋ ಒಲಿಂಪಿಕ್ಸಿನ ಮಾರ್ಚ್ ಬರೆದ ಅಪ್ಪಟ ಜಪಾನಿ ಸಂಗೀತಗಾರ, ತನ್ನ ಹೆಸರನ್ನೇ ಸ್ವಲ್ಪ ತಿರುಚಿ ವಿದೇಶಿ ವೇಷ ಹಾಕಿಕೊಂಡಿದ್ದ. ಅಂದ್ರೆ ಲೆಕ್ಕ ಹೀಗಾಯ್ತು: ಸ್ಕಾಟ್ಲೆಂಡಿನ ಟ್ಯೂನು, ಅಮೆರಿಕದ ಮೇಷ್ಟ್ರು, ಚೀನಾದ ಕತೆ, ಹಾಲಿವುಡ್ಡಿನ ತಾಳ, ವಿದೇಶಿ ಹೆಸರಿನಲ್ಲಿ ಅವಿತುಕೊಂಡ ಜಪಾನಿ. ನನ್ನ ಸಹೋದ್ಯೋಗಿ "ನಮ್ಮ ಹಾಡು" ಅಂದಾಗ ಇಷ್ಟೆಲ್ಲ ಆ ಒಂದು 'ನಮ್ಮ'ದೊಳಗೆ ಇತ್ತು.

ಅಲೆಯ ಚಿತ್ರ, ಚಿಟ್ಟೆಯ ಒಪೆರಾ

ಪಶ್ಚಿಮದವರು ಸುಮ್ಮನಿದ್ದರಾ? ಇಲ್ಲ. ಆದರೆ ಅವರ ಕೈಗೆ ಮೊದಲು ಸಿಕ್ಕಿದ್ದು ಜಪಾನಿನ ಸಂಗೀತ ಅಲ್ಲ, ಚಿತ್ರ. ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರ ನೀವು ನೋಡೇ ಇರ್ತೀರಿ, ಟೀ ಶರ್ಟಿಂದ ಲ್ಯಾಪ್‌ಟಾಪ್ ಸ್ಟಿಕರ್ ತನಕ ಎಲ್ಲ ಕಡೆ ಇದೆ. ಫ್ರಾನ್ಸಿನ ಕ್ಲೋದ್ ದೆಬುಸಿಯ ಮನೆಯ ಗೋಡೆ ಮೇಲೂ ಅದಿತ್ತು. 1905ರಲ್ಲಿ ಅವನ 'ಲಾ ಮೇರ್' (ಸಮುದ್ರ) ಅಚ್ಚಾದಾಗ ಸ್ವರಲಿಪಿ ಪುಸ್ತಕದ ಮುಖಪುಟಕ್ಕೆ ಅದೇ ಅಲೆ ಬಂತು. ಒಳಗಿನ ಸಂಗೀತದಲ್ಲಿ ಜಪಾನಿ ಟ್ಯೂನ್ ಒಂದೂ ಇಲ್ಲ. ಕತೆ ಹೇಳುವ ಹಾಗೆ ಒಂದಾದಮೇಲೊಂದು ಸಾಗುವ ಬದಲು ಬಣ್ಣಗಳನ್ನು ಪಕ್ಕಪಕ್ಕ ಇಡುವ ಧೈರ್ಯ ಮಾತ್ರ ಇದೆ. ಈ ದೆಬುಸಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತಾನೆ.

ಇಟಲಿಯ ಪುಚಿನಿ ನೇರ ಟ್ಯೂನುಗಳಿಗೇ ಕೈ ಹಾಕಿದ. 1904ರ 'ಮದಾಮಾ ಬಟರ್‌ಫ್ಲೈ' ಒಪೆರಾಕ್ಕೆ ಜಪಾನಿ ಹಾಡುಗಳನ್ನು ಹುಡುಕಿ ಹುಡುಕಿ ತಂದ, ರೋಮ್‌ನಲ್ಲಿದ್ದ ಜಪಾನಿ ರಾಯಭಾರಿಯ ಹೆಂಡತಿಯನ್ನೂ ಭೇಟಿಯಾಗಿ ಕೇಳಿದ. ಸರ್ಕಾರಿ ಅಧಿಕಾರಿ ರಂಗಕ್ಕೆ ಬರುವಾಗ ಜಪಾನಿನ ರಾಷ್ಟ್ರಗೀತೆ 'ಕಿಮಿಗಾಯೋ' ಕೇಳಿಸುತ್ತೆ. ಅಪ್ಪಟ ಜಪಾನ್ ಅಂದುಕೊಂಡು ಹಾಕಿದ್ದು. ಆದರೆ ಆ ಗೀತೆಗೆ ಮೊದಲು ರಾಗ ಹಾಕಿದವನು ಫೆಂಟನ್ ಅನ್ನೋ ಬ್ರಿಟಿಷ್ ಬ್ಯಾಂಡ್ ಮಾಸ್ಟರ್. ಅದು ಹಿಡಿಸದೆ 1880ರಲ್ಲಿ ಅರಮನೆಯ ಗಗಾಕು ಸಂಗೀತಗಾರರು ಬೇರೆ ರಾಗ ಕೊಟ್ಟರು. ಅದಕ್ಕೆ ಪಾಶ್ಚಾತ್ಯ ಹಾರ್ಮನಿ ಹೊಲಿದವನು ಎಕರ್ಟ್ ಅನ್ನುವ ಜರ್ಮನ್. ಹೀಗಾಗಿ ಪುಚಿನಿ ಜಪಾನಿನಿಂದ ತಂದ ಮಾಲಿನಲ್ಲಿ ಸ್ವಲ್ಪ ಯುರೋಪಿನದ್ದೇ ಮರಳಿ ಬಂದಿತ್ತು.

ಇಲ್ಲಿಯವರೆಗೆ ಎರಡೂ ಕಡೆ ನಡೆದಿದ್ದನ್ನು ಶಾಪಿಂಗ್ ಅನ್ನಬಹುದು. ಬೇಕಾದ್ದು ತಗೊಂಡರು, ಮನೆಗೆ ಹೊಂದುವಂತೆ ಇಟ್ಟುಕೊಂಡರು. ಕೊಟ್ಟವನ ಮುಖ ನೋಡುವ ಪ್ರಸಂಗ ಬರಲಿಲ್ಲ. ಅದು ಬಂದದ್ದು ಯುದ್ಧದ ಜೊತೆ.

ತಿರಸ್ಕಾರವಾದ ಶ್ರದ್ಧಾಂಜಲಿ

1940. ಜಪಾನಿನ ಸಾಮ್ರಾಜ್ಯಕ್ಕೆ 2600 ವರ್ಷ ಆಯ್ತು ಅಂತ ಸರ್ಕಾರ ಭಾರೀ ಉತ್ಸವ ಇಟ್ಟುಕೊಂಡಿತು. ಯುರೋಪಿನ ಸಂಗೀತಗಾರರಿಗೆ ದುಡ್ಡು ಕೊಟ್ಟು ಹೊಸ ಕೃತಿ ಬರೆಸಿದರು. ಜರ್ಮನಿಯಿಂದ ರಿಚರ್ಡ್ ಸ್ಟ್ರೌಸ್ ಬರೆದ, ಫ್ರಾನ್ಸಿನಿಂದ ಇಬೇರ್, ಇಟಲಿಯಿಂದ ಪಿಟ್ಸೆಟ್ಟಿ. (ಇದೇ ಸ್ಟ್ರೌಸ್ ತೀರಿಕೊಂಡ ಮೇಲೆ, 1950ರಲ್ಲಿ, ಅವನ ಕೊನೆಯ ನಾಲ್ಕು ಹಾಡುಗಳ ಮೊದಲ ಕಛೇರಿ ಲಂಡನ್ನಿನಲ್ಲಿ ನಡೆದಾಗ ಹಣದ ಬೆಂಬಲಕ್ಕೆ ನಿಂತವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಅದು ಇನ್ನೊಂದು ದಿನದ ಕತೆ.)

ಬ್ರಿಟನ್ನಿನ ಪಾಲಿಗೆ ಆಯ್ಕೆಯಾದವನು ಇಪ್ಪತ್ತಾರು ವರ್ಷದ ಬೆಂಜಮಿನ್ ಬ್ರಿಟನ್. ಯುದ್ಧ ಅಂದ್ರೆ ಆಗದವನು, ಆಗ ಅಮೆರಿಕದಲ್ಲಿದ್ದ. ಜಪಾನಿನ ಸೈನ್ಯ ಚೀನಾದಲ್ಲಿ ಏನು ಮಾಡ್ತಾ ಇದೆ ಅನ್ನುವುದು ಜಗತ್ತಿಗೇ ಗೊತ್ತಿದ್ದ ಸಮಯ. ಅಂಥ ಹುಟ್ಟುಹಬ್ಬಕ್ಕೆ ಅವನು ಬರೆದು ಕಳಿಸಿದ್ದೇನು ಗೊತ್ತಾ? 'ಸಿಂಫೋನಿಯಾ ದಾ ರಿಕ್ವಿಯೆಮ್'. ಸತ್ತವರಿಗಾಗಿ ಚರ್ಚಿನಲ್ಲಿ ಹೇಳುವ ಪ್ರಾರ್ಥನೆಯ ಹೆಸರು. ಮೂರು ಭಾಗಗಳಿಗೂ ಅದೇ ಪ್ರಾರ್ಥನೆಯ ಶೀರ್ಷಿಕೆಗಳು. ತೀರಿಕೊಂಡ ತನ್ನ ಅಪ್ಪ ಅಮ್ಮನಿಗೆ ಅರ್ಪಿಸಿದ್ದ. ಮದುವೆ ಮನೆಗೆ ತಿಥಿಯ ಊಟ ಕಳಿಸಿದ ಹಾಗೆ!

ಟೋಕಿಯೋದವರಿಗೆ ಸಿಟ್ಟು ಬಂತು. ಇದು ಕ್ರೈಸ್ತರದ್ದು, ಶೋಕದ್ದು, ಉತ್ಸವಕ್ಕೆ ಅವಮಾನ ಅಂತ ಕೃತಿಯನ್ನು ತಿರಸ್ಕರಿಸಿದರು. 1941ರ ಮಾರ್ಚಿನಲ್ಲಿ ಅದು ನ್ಯೂಯಾರ್ಕಿನಲ್ಲಿ ಮೊದಲ ಬಾರಿ ಕೇಳಿಸಿತು. ಅದೇ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೀತಿರಲಿಲ್ಲ. 1956ರ ಫೆಬ್ರವರಿಯಲ್ಲಿ ಬ್ರಿಟನ್ ಟೋಕಿಯೋಗೆ ಬಂದ. ಹದಿನಾರು ವರ್ಷದ ಹಿಂದೆ ಬೇಡ ಅಂದಿದ್ದ ಅದೇ ಕೃತಿಯನ್ನು ಅದೇ ಊರಿನಲ್ಲಿ ಎನ್‌ಎಚ್‌ಕೆ ಆರ್ಕೆಸ್ಟ್ರಾದಿಂದ ತಾನೇ ನಿಂತು ನುಡಿಸಿದ. ಈ ನಡುವೆ ಆ ಊರು ಸುಟ್ಟು ಬೂದಿಯಾಗಿ ಮತ್ತೆ ಎದ್ದಿತ್ತು. ಸತ್ತವರ ಪ್ರಾರ್ಥನೆ ಆಗ ಅವರಿಗೆ ಹೇಗೆ ಕೇಳಿಸಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ.

ಅದೇ ಭೇಟಿಯಲ್ಲಿ ಬ್ರಿಟನ್ 'ಸುಮಿದಾಗಾವಾ' ಅನ್ನುವ ನೋ ನಾಟಕ ನೋಡಿದ. ಹದಿನೈದನೇ ಶತಮಾನದ ನಾಟಕ. ಕಳೆದುಹೋದ ಮಗನನ್ನು ಹುಡುಕುತ್ತಾ ಹುಚ್ಚಿಯಾದ ತಾಯಿ ಒಂದು ನದಿಯ ದಡಕ್ಕೆ ಬರ್ತಾಳೆ. ದೋಣಿಯವನು ದಾಟಿಸುತ್ತಾ ಹೇಳ್ತಾನೆ: ಹೋದ ವರ್ಷ ಇದೇ ದಿನ ಒಬ್ಬ ಹುಡುಗ ಆ ದಡದಲ್ಲಿ ಸತ್ತ. ಅವಳದೇ ಮಗ. ಅಷ್ಟೇ ಕತೆ. ಬ್ರಿಟನ್ ಅದನ್ನು ಇನ್ನೊಮ್ಮೆ ಹೋಗಿ ನೋಡಿದ. ಊರಿಗೆ ಹೋದಮೇಲೂ ಅದು ಬಿಡಲಿಲ್ಲ. ಎಂಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು 1964ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚಿನಲ್ಲಿ 'ಕರ್ಲ್ಯೂ ರಿವರ್' ಆಡಿಸಿದ.

ಅದರಲ್ಲಿ ಒಂದು ಜಪಾನಿ ಟ್ಯೂನೂ ಇಲ್ಲ. ಕಿಮೋನೊ ಇಲ್ಲ, ಚೆರಿ ಹೂವಿಲ್ಲ. ಸುಮಿದಾ ನದಿ ಇಂಗ್ಲೆಂಡಿನ ಜೌಗು ನಾಡಿನ ನದಿಯಾಗಿದೆ, ಬೌದ್ಧ ಜಪ ಕ್ರೈಸ್ತ ಸ್ತೋತ್ರವಾಗಿದೆ. ನೋ ನಾಟಕದಲ್ಲಿರುವ ಹಾಗೆ ಪಾತ್ರಧಾರಿಗಳೆಲ್ಲ ಗಂಡಸರು. ತಾಯಿಯ ಪಾತ್ರವನ್ನು ಹಾಡಿದ್ದು ಪೀಟರ್ ಪಿಯರ್ಸ್. ಕೋಲು ಬೀಸುವ ಕಂಡಕ್ಟರೇ ಇಲ್ಲ. ಒಬ್ಬರಿಗೊಬ್ಬರು ಕಿವಿಗೊಟ್ಟು, ಕಾದು, ಜೊತೆ ಸೇರಬೇಕು. ಎಲ್ಲಿ ಕಾಯಬೇಕು ಅಂತ ತೋರಿಸಲು ಬ್ರಿಟನ್ ಸ್ವರಲಿಪಿಯಲ್ಲಿ ಹೊಸದೊಂದು ಗುರುತನ್ನೇ ಸೃಷ್ಟಿಸಿದ. ಪುಚಿನಿ ಜಪಾನಿನಿಂದ ತಂದದ್ದು ಟ್ಯೂನುಗಳನ್ನು. ಬ್ರಿಟನ್ ತಂದದ್ದು ಕಾಯುವುದನ್ನು.

ಕೋತೋ ಕೇಳಿದರೆ ಯುದ್ಧ ನೆನಪಾಗ್ತಿತ್ತು

ಈಗ ನಾನು ನಿಜವಾಗಿ ಹೇಳಬೇಕು ಅಂತಿದ್ದವನ ಹತ್ತಿರ ಬಂದೆ. ಟೋರು ತಕೆಮಿತ್ಸು. ಹುಟ್ಟಿದ್ದು 1930. ಟೋಕಿಯೋದಲ್ಲಿ ಓದುವಾಗ ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಆಕೆ ಕೋತೋ ಕಲಿಸುವ ಟೀಚರ್. ದಿನಾ ಮನೆ ತುಂಬ ಕೋತೋ ನಾದ, ಹೊರಗೆ ಯುದ್ಧ. ಹುಡುಗನ ಮನಸ್ಸಿನಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಮುಂದೆ ಎಷ್ಟೋ ವರ್ಷ ಅವನಿಗೆ ಜಪಾನಿ ಸಂಗೀತ ಕೇಳಿದರೆ ಯುದ್ಧದ ಕಹಿಯೇ ನೆನಪಾಗ್ತಿತ್ತು.

1944ರಲ್ಲಿ, ಹದಿನಾಲ್ಕು ವಯಸ್ಸಿಗೆ, ಅವನನ್ನು ಬೆಟ್ಟಗಳ ನಡುವಿನ ಸೈನ್ಯದ ಕೆಲಸಕ್ಕೆ ಹಚ್ಚಿದರು. ಆಗ ಶತ್ರು ದೇಶಗಳ ಸಂಗೀತ ಕೇಳುವ ಹಾಗಿಲ್ಲ. ಒಂದು ದಿನ ಒಬ್ಬ ಅಧಿಕಾರಿ ಹುಡುಗರನ್ನು ಒಳಗೆ ಕರೆದು, ಕೈಯಲ್ಲಿ ತಿರುಗಿಸುವ ಗ್ರಾಮಫೋನಿನ ಮೇಲೆ ಪ್ಲೇಟು ಇಟ್ಟ. ಮುಳ್ಳು ಕೂಡ ಬಿದಿರಿನದು. ಕೇಳಿಸಿದ್ದು 'ಪಾರ್ಲೇ ಮ್ವಾ ದಾಮೂರ್' ಅನ್ನುವ ಒಂದು ಮಾಮೂಲಿ ಫ್ರೆಂಚ್ ಪ್ರೇಮಗೀತೆ. ಆ ಹುಡುಗನಿಗೆ ಅಷ್ಟೇ ಸಾಕಾಯ್ತು. ಯುದ್ಧ ಮುಗಿದರೆ ಸಂಗೀತವೇ ನನ್ನ ದಾರಿ ಅಂತ ನಿರ್ಧರಿಸಿದ.

ದಾರಿ ಸುಲಭ ಇರಲಿಲ್ಲ. ಸಂಗೀತದ ಕಾಲೇಜಿಲ್ಲ, ಹೆಚ್ಚುಕಮ್ಮಿ ಎಲ್ಲ ಸ್ವಂತ ಕಲಿಕೆ. ಅಮೆರಿಕನ್ ಸೈನ್ಯದ ರೇಡಿಯೋ ಅವನ ಗುರು. ಮನೆಯಲ್ಲಿ ಪಿಯಾನೋ ಇಲ್ಲದ್ದಕ್ಕೆ ಕಾಗದದ ಮೇಲೆ ಮನೆಗಳನ್ನು ಬರೆದುಕೊಂಡು ಬೆರಳಾಡಿಸುತ್ತಿದ್ದ, ಬೀದಿಯಲ್ಲಿ ಪಿಯಾನೋ ಸದ್ದು ಕೇಳಿದರೆ ಬಾಗಿಲು ತಟ್ಟಿ 'ಸ್ವಲ್ಪ ನುಡಿಸಲಾ' ಅಂತ ಕೇಳ್ತಿದ್ದನಂತೆ. ಮಯುಝುಮಿ ಅನ್ನುವ ಇನ್ನೊಬ್ಬ ಸಂಗೀತಗಾರ, ಮುಖಪರಿಚಯ ಇಲ್ಲದಿದ್ದರೂ, ವಿಷಯ ತಿಳಿದು ಒಂದು ಪಿಯಾನೋ ಕಳಿಸಿಕೊಟ್ಟ. 1950ರಲ್ಲಿ ಮೊದಲ ಕೃತಿ ವೇದಿಕೆಗೆ ಬಂದಾಗ, ಇದಿನ್ನೂ ಸಂಗೀತದ ಹಂತಕ್ಕೇ ಬಂದಿಲ್ಲ ಅನ್ನುವ ಅರ್ಥದಲ್ಲಿ ವಿಮರ್ಶಕನೊಬ್ಬ ಬರೆದ. ತಕೆಮಿತ್ಸು ಸಿನಿಮಾ ಮಂದಿರದ ಕತ್ತಲಲ್ಲಿ ಕೂತು ಅತ್ತನಂತೆ.

1957ರಲ್ಲಿ ಅವನು ತಂತಿವಾದ್ಯಗಳಿಗಾಗಿ ಒಂದು 'ರಿಕ್ವಿಯೆಮ್' ಬರೆದ. 'ಸೆವೆನ್ ಸಮುರಾಯ್'ಗೆ ಸಂಗೀತ ಕೊಟ್ಟ ಹಯಾಸಾಕಾ ತೀರಿಹೋಗಿದ್ದ, ಅವನ ನೆನಪಿಗೆ. ಯಾರೂ ಅಷ್ಟಾಗಿ ಗಮನಿಸಲಿಲ್ಲ. 1959ರಲ್ಲಿ ಇಗೋರ್ ಸ್ಟ್ರಾವಿನ್ಸ್ಕಿ ಜಪಾನಿಗೆ ಬಂದ. ಜಪಾನಿ ಸಂಗೀತಗಾರರ ಕೃತಿಗಳನ್ನು ಕೇಳಿಸುತ್ತಿದ್ದಾಗ ಪಟ್ಟಿಯಲ್ಲಿಲ್ಲದ ಈ 'ರಿಕ್ವಿಯೆಮ್' ಅಪ್ಪಿತಪ್ಪಿ ಶುರುವಾಯ್ತು. ನಿಲ್ಲಿಸಲು ಹೋದವರನ್ನು ತಡೆದು ಸ್ಟ್ರಾವಿನ್ಸ್ಕಿ ಪೂರ್ತಿ ಕೇಳಿದ, ಹೊಗಳಿದ, ಆಮೇಲೆ ತಕೆಮಿತ್ಸುವನ್ನು ಊಟಕ್ಕೂ ಕರೆದ. ಊರಿನವರ ಕಣ್ಣು ಆಗ ತೆರೀತು. ಹಿತ್ತಿಲ ಗಿಡ ಮದ್ದಾಗೋದು ಪಕ್ಕದ ಮನೆಯವರು ಕಿತ್ತುಕೊಂಡು ಹೋದಾಗಲೇ ಅಲ್ವಾ?

ಆದರೂ ತಕೆಮಿತ್ಸುಗೆ ತನ್ನ ಹಿತ್ತಿಲ ಗಿಡ ಇನ್ನೂ ಕಂಡಿರಲಿಲ್ಲ. ಅವನ ದೇವರು ಆಗಲೂ ದೆಬುಸಿಯೇ. ಹೀಗಿರುವಾಗ ಒಮ್ಮೆ ಬುನ್ರಾಕು ಬೊಂಬೆಯಾಟ ನೋಡಲು ಹೋದವನನ್ನು ಅಲ್ಲಿನ ಶಾಮಿಸೆನ್ ತಂತಿಯ ನಾದ ಹಿಡಿದು ಅಲ್ಲಾಡಿಸಿತು. ಇನ್ನೊಂದು ಕಡೆಯಿಂದ ಅಮೆರಿಕದ ಜಾನ್ ಕೇಜ್ ಬಂದ. ನಾಲ್ಕೂವರೆ ನಿಮಿಷ ಏನೂ ನುಡಿಸದ ಕೃತಿ ಬರೆದವನು, ಅವನೇ. ಕೇಜ್ ನ್ಯೂಯಾರ್ಕಿನಲ್ಲಿ ಡಿ.ಟಿ. ಸುಜುಕಿಯ ಝೆನ್ ಪಾಠಗಳಿಗೆ ಕೂತು, ಸದ್ದು-ಮೌನಗಳ ಬಗ್ಗೆ ತನ್ನದೇ ಯೋಚನೆ ಬೆಳೆಸಿಕೊಂಡಿದ್ದ. 1962ರಲ್ಲಿ ಅವನು ಜಪಾನಿಗೆ ಬಂದಾಗ ಅಲ್ಲಿನ ಸಂಗೀತಲೋಕ ಬೆಚ್ಚಿಬಿತ್ತು. ನಿಮ್ಮ ನಾದಕ್ಕೆ ಬೆಲೆ ಇದೆ ಅಂತ ಜಪಾನಿಯವರಿಗೆ ಜಪಾನಿನ ಯೋಚನೆಯಿಂದಲೇ ತಿರುಗಿಸಿ ಹೇಳಿದವನು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವನು. ತಕೆಮಿತ್ಸು ಈ ಋಣವನ್ನು ಕೊನೆತನಕ ಮುಚ್ಚುಮರೆ ಇಲ್ಲದೆ ಹೇಳಿಕೊಂಡ.

ಆಮೇಲೆ ಅವನು ಬೀವಾ ಮತ್ತು ಶಾಕುಹಾಚಿಗೆ ಬರೆಯತೊಡಗಿದ. ಬೀವಾ ಅಂದ್ರೆ ನಾಲ್ಕೈದು ತಂತಿಯ ವೀಣೆಯಂಥದ್ದು, ಶಾಕುಹಾಚಿ ಬಿದಿರಿನ ಕೊಳಲು. ಇವೆರಡಕ್ಕೇ ಬರೆದ 'ಎಕ್ಲಿಪ್ಸ್' ಕೃತಿಯ ಟೇಪನ್ನು ಸೇಜಿ ಒಝಾವಾ ನ್ಯೂಯಾರ್ಕಿನಲ್ಲಿ ಲೆನರ್ಡ್ ಬರ್ನ್‌ಸ್ಟೈನ್‌ಗೆ ಕೇಳಿಸಿದ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ಗೆ ಆಗ 125 ವರ್ಷ ತುಂಬುತ್ತಿತ್ತು. ಈ ಎರಡು ವಾದ್ಯ, ನಮ್ಮ ಆರ್ಕೆಸ್ಟ್ರಾ, ಎರಡೂ ಸೇರಿಸಿ ಬರೆಯಿರಿ ಅಂತ ಬುಲಾವ್ ಬಂತು.

ನಾನೋ ನೀವೋ ಆಗಿದ್ದರೆ ಏನು ಮಾಡ್ತಿದ್ದೆವು? 'ಫ್ಯೂಷನ್' ಮಾಡ್ತಿದ್ದೆವು. ತಕೆಮಿತ್ಸುವೂ ಮೊದಲು ಹಾಗೇ ಯೋಚಿಸಿದ್ದ. ದೆಬುಸಿಯ ಎರಡು ಸ್ವರಲಿಪಿ ಪುಸ್ತಕ ಹಿಡಿದುಕೊಂಡು ಬೆಟ್ಟದ ಮೇಲಿನ ಮನೆಗೆ ಬರೆಯಲು ಹೋದ. ಬರೀತಾ ಬರೀತಾ ಅವನಿಗೆ ಕಂಡದ್ದು ಇವೆರಡೂ ಬೆರೆಯುವುದಿಲ್ಲ ಅನ್ನುವುದು. ಪಾಶ್ಚಾತ್ಯ ವಾದ್ಯ ಶುದ್ಧ ಸ್ವರಕ್ಕೆ ಹಾತೊರೆಯುತ್ತೆ. ಬೀವಾ ಹಾಗಲ್ಲ, ಅದರ ತಂತಿಯಲ್ಲಿ ಬೇಕಂತಲೇ ಒಂದು ಝೇಂಕಾರ, ಒಂದು ಕರಕರ ಉಳಿಸಿರ್ತಾರೆ. ಅದಕ್ಕೆ 'ಸವಾರಿ' ಅಂತ ಹೆಸರು. ನಮ್ಮ ತಂಬೂರಿಯ ಕುದುರೆ ಮೇಲೆ ತಂತಿಯ ಅಡಿಗೆ ಒಂದು ನೂಲು ಸಿಕ್ಕಿಸಿ 'ಜೀವ' ಬರಿಸ್ತಾರಲ್ಲ, ಹಾಗೆ. ಸ್ವರ ಅಷ್ಟೇ ಅಲ್ಲ, ಸ್ವರದ ಸುತ್ತಲಿನ ಸದ್ದೂ ಸಂಗೀತವೇ. ಒಂದೇ ಮೀಟು ಒಂದು ಪೂರ್ತಿ ಲೋಕ.

ಹಾಗಾಗಿ ಅವನು ಬೆರೆಸಲಿಲ್ಲ. ಎದುರುಬದುರು ನಿಲ್ಲಿಸಿದ. 1967ರ ನವೆಂಬರ್ 9ರಂದು ನ್ಯೂಯಾರ್ಕಿನಲ್ಲಿ 'ನವೆಂಬರ್ ಸ್ಟೆಪ್ಸ್'. ಕಂಡಕ್ಟರ್ ಒಝಾವಾ. ಆರ್ಕೆಸ್ಟ್ರಾ ಎಡಕ್ಕೂ ಬಲಕ್ಕೂ ಹಂಚಿಹೋಗಿದೆ. ನಡುವೆ ಶಾಕುಹಾಚಿ ಹಿಡಿದ ಕಟ್ಸುಯಾ ಯೊಕೊಯಾಮಾ, ಬೀವಾ ಹಿಡಿದ ಕಿನ್ಶಿ ತ್ಸುರುತಾ. ಆಕೆ ಗಂಡಸರ ಉಡುಪು ತೊಡುತ್ತಿದ್ದ ಹೆಂಗಸು. ಕೊನೆಯ ಭಾಗದಲ್ಲಿ ಒಂದು ಜಾಗ ಬರುತ್ತೆ: ಆ ಇಡೀ ಆರ್ಕೆಸ್ಟ್ರಾ ಕೈಕಟ್ಟಿ ಕೂತಿರುತ್ತೆ, ಇವರಿಬ್ಬರು ಮಾತ್ರ ನುಡಿಸ್ತಾ ಹೋಗ್ತಾರೆ, ನಿಮಿಷಗಟ್ಟಲೆ. ಜಗತ್ತಿನ ದೊಡ್ಡ ಆರ್ಕೆಸ್ಟ್ರಾಗಳಲ್ಲೊಂದು ತನ್ನ ಹುಟ್ಟುಹಬ್ಬದಲ್ಲಿ ಸುಮ್ಮನೆ ಕೂತು ಕೇಳಬೇಕು!

ಮೊದಲ ಸಲ ಕೇಳಿದಾಗ ನನಗೆ ಇಷ್ಟ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಇಂದಿರಾನಗರ ಬರುವಷ್ಟರಲ್ಲಿ ತೆಗೆದುಬಿಟ್ಟಿದ್ದೆ. ಮೂರನೇ ಸಲಕ್ಕೆ ಆ ಬೀವಾದ ಕರಕರ ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. ಎಲ್ಲಿ ಅಂತ ನೆನಪಾದಾಗ ನಾಚಿಕೆ ಆಯ್ತು. ನಮ್ಮ ಮನೆಯಲ್ಲೇ. ಅಮ್ಮ ಬೆಳಗ್ಗೆ ಐದಕ್ಕೆ ತಂಬೂರಿ ಹಿಡಿದು ಕೂರುತ್ತಿದ್ದರು. ನಿದ್ದೆ ಹಾಳಾಗುತ್ತೆ ಅಂತ ನಾನು ಬಾಗಿಲು ಹಾಕ್ಕೊಳ್ತಿದ್ದೆ. ಒಂಬತ್ತನೇ ಕ್ಲಾಸಲ್ಲಿ ಟ್ಯೂಷನ್ ನೆಪ ಹೇಳಿ ಸಂಗೀತ ಪಾಠ ಬಿಟ್ಟೆ. ಫ್ಲ್ಯಾಟಿಗೆ ಬರುವಾಗ "ಅದನ್ನ ಯಾರಿಗಾದ್ರೂ ಕೊಟ್ಟುಬಿಡೋಣ, ಇಡೋಕೆ ಜಾಗ ಇಲ್ಲ" ಅಂದವನೂ ನಾನೇ. ಅಮ್ಮ ಏನೂ ಹೇಳದೆ ಹಳೇ ಸೀರೆ ಸುತ್ತಿ ಲಾಫ್ಟಿಗೆ ಏರಿಸಿದ್ದರು. ನನಗೇನೂ ತಕೆಮಿತ್ಸು ಥರ ಯುದ್ಧದ ಗಾಯ ಇರಲಿಲ್ಲ. ಬರೀ ಸೋಮಾರಿತನ.

ಸ್ಟ್ರಾವಿನ್ಸ್ಕಿ ಬಂದು ಹೇಳಬೇಕಾಯ್ತು, ಕೇಜ್ ಬಂದು ಹೇಳಬೇಕಾಯ್ತು ಅಂತ ಜಪಾನಿಯವರ ಬಗ್ಗೆ ಈಗಷ್ಟೇ ನಗೆಯಾಡಿದೆನಲ್ಲ. ನನಗೆ ಹೇಳಲು ಒಬ್ಬ ಜಪಾನಿಯವನೇ ಬರಬೇಕಾಯ್ತು. ಅದೂ ದೆಬುಸಿಯ ದಾರಿಯಲ್ಲಿ, ನ್ಯೂಯಾರ್ಕ್ ಮಾರ್ಗವಾಗಿ.

ಹೋದ ಭಾನುವಾರ ಲಾಫ್ಟಿಂದ ತಂಬೂರಿ ಇಳಿಸಿದೆ. ಎರಡು ತಂತಿ ಹೋಗಿವೆ, ಉಳಿದ ಎರಡು ಮೀಟಿದರೆ ಸತ್ತ ಸದ್ದು. "ಅಮ್ಮಾ, ಇದರಲ್ಲಿ ಯಾಕೆ ಆ ಝೇಂಕಾರ ಬರ್ತಿಲ್ಲ?" ಅಂದೆ.

"ನೂಲು ಇಲ್ವಲ್ಲೋ" ಅಂದರು. ಹೊಲಿಗೆ ಡಬ್ಬಿ ತಂದು ಒಂದು ಎಳೆ ಹಲ್ಲಲ್ಲಿ ಕಡಿದು, ತಂತಿಯಡಿ ಸಿಕ್ಕಿಸಿ ಹಿಂದೆ ಮುಂದೆ ಎಳೀತಾ ಹೋದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಜಾಗದಲ್ಲಿ ಬಂತು. "ಇಲ್ಲೇ ನಿಲ್ಲಿಸಬೇಕು, ಕೈ ಕೊಡು" ಅಂದರು.